ಮೊದಲ ತುತ್ತು ಬರೀ ಅನ್ನ

ನಾನು ಒಂದು ಕಲ್ಲಿನ ಕುಟ್ಟಾಣಿ. ಹಾಗೆಂದ ಕೂಡಲೇ ಏಲಕ್ಕಿ ಪುಡಿಮಾಡುವ ಪುಟಾಣಿ ಎಂದುಕೊಂಡುಬಿಡಬೇಡಿ! ನನ್ನನ್ನು ಎತ್ತಲು ಎರಡು ಕೈ ಬೇಕು. ಥಾಯ್ಲೆಂಡಿನ ಕಡಲ ದಂಡೆಯ ಊರೊಂದರಲ್ಲಿ ಒಬ್ಬ ಮುಂಗೋಪಿ ಕಲ್ಲುಕುಟಿಗ ಉಳಿ ಹಿಡಿದು ನನ್ನ ಹೊಟ್ಟೆ ಕೊರೆದ. ಅವನ ಮುಂಗೋಪ ಸ್ವಲ್ಪ ನನಗೂ ಬಂದಿದೆ.

ನನ್ನನ್ನು ಕೊಂಡವಳು ಬೀದಿಬದಿಯಲ್ಲಿ ಊಟ ಮಾರುವ ಹೆಂಗಸು. ಹಸಿಮೆಣಸು, ಬೆಳ್ಳುಳ್ಳಿ, ಮಜ್ಜಿಗೆಹುಲ್ಲು, ಅದರ ಮೇಲೊಂದು ಚಮಚ ಹುದುಗಿಸಿದ ಸೀಗಡಿಯ ಮುದ್ದೆ. ದಿನಾ ಮುಂಜಾನೆ ಇದಿಷ್ಟನ್ನೂ ನನ್ನೊಳಗೆ ಹಾಕಿ ಕುಟ್ಟುತ್ತಿದ್ದಳು. ಕೆಲಸ ಮುಗಿದ ಮೇಲೆ ನೀರು ಎರಚಿ ಬಟ್ಟೆಯಲ್ಲಿ ಒರೆಸುವಳು, ಅಷ್ಟೇ. ಸೋಪು ಮುಟ್ಟಿಸಿದರೆ ಕಲ್ಲಿಗೆ ಹತ್ತಿದ ರುಚಿ ಹೋಗುತ್ತದೆ ಎಂದು ಮಗಳು ಸೋಮ್‌ಶ್ರೀಗೆ ನೂರು ಸಲ ಹೇಳಿದ್ದಳು.

ಸೋಮ್‌ಶ್ರೀ ಕೊಡಗಿನ ಪೊನ್ನಪ್ಪನನ್ನು ಮದುವೆಯಾದಳು. ಅವನು ಆ ಊರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಇಬ್ಬರೂ ಮೈಸೂರಿಗೆ ಹೊರಟಾಗ ತಾಯಿ ನನ್ನನ್ನು ಮಗಳ ಕೈಗಿತ್ತಳು. ಎರಡು ವರ್ಷದಲ್ಲಿ ಆ ತಾಯಿ ತೀರಿಕೊಂಡಳು. ಸೋಮ್‌ಶ್ರೀಗೆ ಹೋಗಲಾಗಲಿಲ್ಲ. ಅಂದಿನಿಂದ ಒಂದು ಅಭ್ಯಾಸ ಅವಳಿಗೆ: ಸಂತೋಷವಾದರೂ ದುಃಖವಾದರೂ ನನ್ನೊಳಗೆ ಮುಖವಿಟ್ಟು ಮೂಸುವುದು. ಅವಳಿಗೆ ಅಮ್ಮನೆಂದರೆ ಆ ವಾಸನೆಯೇ.

ಮೈಸೂರಿನ ಸರಸ್ವತಿಪುರಂನಲ್ಲಿ ಎಂಟು ಮೇಜಿನ ಥಾಯ್ ಹೋಟೆಲು ಇಟ್ಟರು. ಅವನು ಹೊರಗೆ, ಅವಳು ಒಳಗೆ. ಅವಳದೊಂದು ಕಟ್ಟಪ್ಪಣೆ ಇತ್ತು: ಯಾರೇ ಬರಲಿ, ಮೊದಲ ತುತ್ತು ಬರೀ ಅನ್ನವನ್ನೇ ತಿನ್ನಬೇಕು. ಅವಳ ಅಮ್ಮ ಕಲಿಸಿದ ಪದ್ಧತಿ.

"ಇದೇನ್ರೀ, ಅನ್ನ ಬೆಂದಿದ್ಯಾ ಅಂತ ನಾವು ಟೆಸ್ಟ್ ಮಾಡ್ಬೇಕಾ?" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

"ಅನ್ನಕ್ಕೆ ಮೊದ್ಲು ಮರ್ಯಾದೆ," ಎಂದು ಅವಳು ಅಡುಗೆಮನೆಯ ಕಿಟಕಿಯಲ್ಲಿ ಕೈಕಟ್ಟಿ ನಿಂತುಬಿಡುವಳು. ತಿನ್ನದೆ ವಿಧಿಯಿಲ್ಲ.

ಒಂದು ಭಾನುವಾರ ಮಧ್ಯಾಹ್ನ ವಾರಿಜಾ ಎಂಬಾಕೆ ಮಗಳು ಲಹರಿಯ ಕೈಹಿಡಿದು ಬಂದರು. ಹುಡುಗಿಗೆ ಅಂದು ಹತ್ತು ತುಂಬಿತ್ತು. ಈ ಹೋಟೆಲಿನಲ್ಲೇ ಊಟ ಬೇಕೆಂದು ಹಟ ಹಿಡಿದಿದ್ದಳಂತೆ. ವಾರಿಜಾ ಕೂರುವ ಮೊದಲೇ ಹೇಳಿದರು: "ಇವ್ಳಿಗೆ ಸೀಗಡಿ ಆಗ್ಬರಲ್ಲ. ಹೋದ್ವರ್ಷ ಒಂದು ಚೂರು ತಿಂದು ಉಸಿರೇ ನಿಂತ್ಹೋಗಿತ್ತು. ಐಸಿಯುನಲ್ಲಿ ಮೂರು ದಿನ ಇದ್ಲು. ನೋಡಿ, ಇಂಜೆಕ್ಷನ್ ಬ್ಯಾಗಲ್ಲೇ ಇಟ್ಕೊಂಡು ಓಡಾಡ್ತೀನಿ. ಇವ್ಳಿಗೆ ಏನ್ ತರಿಸ್ಲಿ, ನೀವೇ ಹೇಳಿ."

ಪೊನ್ನಪ್ಪ ಪ್ರಾಮಾಣಿಕ. "ಟಾಮ್ ಯಮ್ ಸೂಪು ಬೇಡ, ಅದ್ರ ಜೀವಾನೇ ಸೀಗಡಿ. ಪ್ಯಾಡ್ ಥಾಯ್‌ಗೆ ಒಣಸೀಗಡಿ ಬೀಳುತ್ತೆ. ಪಪ್ಪಾಯಿ ಸಲಾಡ್‌ಗೂ ಅಷ್ಟೇ. ಹಸಿರು ಕರಿ... ತಡೀರಿ, ಕೇಳ್ಕೊಂಡ್ ಬರ್ತೀನಿ."

ಒಳಗೆ ಸೋಮ್‌ಶ್ರೀ, "ಕರಿಗೆ ಸೀಗಡಿ ಇಲ್ಲ. ಕೋಳಿ ಮಾತ್ರ," ಎಂದಳು.

"ಮಸಾಲೆಗೆ ಆ ಮುದ್ದೆ ಹಾಕಲ್ವೇನೇ?"

"ಅದು ಸೀಗಡಿ ಅಲ್ಲ. ಅದು ಉಪ್ಪು ತರ!"

ಅವಳದು ಸುಳ್ಳಲ್ಲ. ಅವಳ ಕಣ್ಣಿಗೆ ಸೀಗಡಿಯೆಂದರೆ ತಟ್ಟೆಯಲ್ಲಿ ಬಾಲ ಸಮೇತ ಕಾಣುವುದು ಮಾತ್ರ. ಪೊನ್ನಪ್ಪ ಹಣೆ ಚಚ್ಚಿಕೊಂಡು ವಿಷಯ ಬಿಡಿಸಿ ಹೇಳಿದ. ಅವಳ ಮುಖ ಗಂಭೀರವಾಯಿತು. ಕೊನೆಗೆ ತುಳಸಿ ಹಾಕಿ ಹುರಿದ ಕೋಳಿ ಮಾಡುವುದೆಂದಾಯಿತು. ಮೀನಿನ ಸಾಸು ಹುಡುಗಿಗೆ ಆಗುತ್ತದೆಯೇ ಎಂದು ಪೊನ್ನಪ್ಪ ಕೇಳಿ ಬಂದ. ಆಗುತ್ತದಂತೆ. ಹೊಸ ಬಾಣಲೆ, ಹೊಸ ಸೌಟು, ಹೊಸ ಎಣ್ಣೆ. ಎಷ್ಟೊಂದು ಎಚ್ಚರಿಕೆ!

ಆಮೇಲೆ ಬೆಳ್ಳುಳ್ಳಿ, ಮೆಣಸಿನಕಾಯಿ ಕುಟ್ಟಲು ನನ್ನನ್ನೇ ಎಳೆದುಕೊಂಡಳು.

ಅಯ್ಯೋ ತಾಯೀ! ಅಂದು ಬೆಳಿಗ್ಗೆಯಷ್ಟೇ ನನ್ನೊಳಗೆ ಸೀಗಡಿ ಮುದ್ದೆ ಕುಟ್ಟಿದ್ದಳು. ಬಟ್ಟೆಯಲ್ಲಿ ಒರೆಸಿದ್ದಳು, ಅಷ್ಟೇ. ನನ್ನ ಒಂದೊಂದು ಗುಳಿಯಲ್ಲೂ ಅದು ಕೂತಿದೆ. ಕುಟ್ಟುವ ಗುಂಡು ಬಿದ್ದಂತೆಲ್ಲ ಬೆಳ್ಳುಳ್ಳಿಗೆ ಅದು ಮೆತ್ತಿಕೊಳ್ಳುತ್ತಿದೆ. ಒಡೆದುಹೋಗಬಾರದೇ ನಾನು ಎಂದು ಒದ್ದಾಡಿದೆ. ಆ ಕುಟಿಗ ನನ್ನನ್ನು ಅಷ್ಟು ಗಟ್ಟಿಯಾಗಿ ಯಾಕಾದರೂ ಮಾಡಿದನೋ! ಬೆಳ್ಳುಳ್ಳಿ ಎಣ್ಣೆಗೆ ಬಿತ್ತು. ಕೋಳಿ ಬೆಂದಿತು. ಒಂದು ಬಟ್ಟಲಲ್ಲಿ ಅದು, ತಟ್ಟೆಯಲ್ಲಿ ಅನ್ನ. ಪೊನ್ನಪ್ಪ ಎತ್ತಿಕೊಂಡು ಹೋದ.

ಸೋಮ್‌ಶ್ರೀ ಬೆವರು ಒರೆಸಿಕೊಂಡು ನಕ್ಕಳು. ಒಂದು ಮಗುವಿಗೆ ಜೋಪಾನವಾಗಿ ಮಾಡಿ ಬಡಿಸಿದ ಖುಷಿ ಅವಳಿಗೆ. ಎಂದಿನಂತೆ ಬಗ್ಗಿ ನನ್ನೊಳಗೆ ಮುಖವಿಟ್ಟಳು. ಮೂಸಿದಳು.

ಅಮ್ಮನ ವಾಸನೆ ಬಂತು. ಅದು ಯಾವುದರ ವಾಸನೆ ಎನ್ನುವುದೂ ಆ ಕ್ಷಣವೇ ಹೊಳೆಯಿತು.

ಅವಳು ಕಿರುಚಿಕೊಂಡು ಹೊರಗೆ ಓಡಿದಳು. "ತಿನ್ಬೇಡ! ತಿನ್ಬೇಡ ಮಗಾ!"

ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಹುಡುಗಿಯ ಬಾಯಿ ತುಂಬಿತ್ತು. ವಾರಿಜಾ ಒಂದು ಕೈಯನ್ನು ಬ್ಯಾಗಿಗೆ ಹಾಕಿ, ಇನ್ನೊಂದನ್ನು ಮಗಳ ಬಾಯಿಗೆ ಒಡ್ಡಿದರು. "ಉಗಿ! ಏನ್ ತಿಂದೆ? ಉಗಿಯೇ!"

ಲಹರಿ ಅಮ್ಮನ ಅಂಗೈಗೆ ಉಗಿದಳು. ಬೆಳ್ಳಗಿನ ಅನ್ನ. "ಮೊದ್ಲು ಬರೀ ಅನ್ನ ಅಂದ್ರಲ್ಲ ಅಂಕಲ್ಲು," ಎಂದು ಅಳು ನುಂಗಿಕೊಂಡು ಹೇಳಿದಳು. "ಕೋಳಿ ಇನ್ನೂ ಮುಟ್ಟೇ ಇಲ್ಲ."

ಆದರೂ ಅರ್ಧ ಗಂಟೆ ಯಾರೂ ಅಲುಗಲಿಲ್ಲ. ವಾರಿಜಾ ಮಗಳ ತುಟಿಯನ್ನೇ ನೋಡುತ್ತ ಕೂತರು. ಸೋಮ್‌ಶ್ರೀ ನೆಲದ ಮೇಲೆ ಮಂಡಿಯೂರಿದ್ದಳು. "ತಪ್ಪು ನಂದು. ಅಮ್ಮನ ಕಲ್ಲು. ಸೋಪು ಹಾಕಿಲ್ಲ," ಎಂದು ಅದನ್ನೇ ಹೇಳುತ್ತಿದ್ದಳು.

"ಮಗೂ ಜೀವ ಕಣ್ರೀ ಇದು!" ಎಂದು ವಾರಿಜಾ ಗದರಿದರು. ಹುಡುಗಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಅವರೇ ಬಿಕ್ಕಿ ಬಿಕ್ಕಿ ಅತ್ತರು.

ಎಲ್ಲರೂ ಹೋದ ಮೇಲೆ ಸೋಮ್‌ಶ್ರೀ ನನ್ನನ್ನು ತೊಟ್ಟಿಗಿಳಿಸಿ ಸೋಪು, ಬ್ರಷ್ಷು ಹಿಡಿದಳು. ನಾನು ಕಾದೆ. ಉಜ್ಜಲು ಅವಳಿಗೆ ಕೈ ಬರಲಿಲ್ಲ. ಕೊನೆಗೆ ಎರಡೂ ಕೈಯಲ್ಲಿ ನನ್ನನ್ನು ಎತ್ತಿ ಹಿತ್ತಿಲ ಬಾಗಿಲಾಚೆಯ ಕಟ್ಟೆಯ ಮೇಲಿಟ್ಟಳು.

ವರ್ಷಗಳಾದವು. ಈಗಲೂ ಇಲ್ಲೇ ಇದ್ದೇನೆ. ಒಳಗೆ ಬೆಳ್ಳುಳ್ಳಿಯನ್ನು ಚಾಕುವಿನಲ್ಲಿ ಕೊಚ್ಚುತ್ತಾರೆ. ಸೀಗಡಿ ಮುದ್ದೆ ಆ ಅಡುಗೆಮನೆಗೆ ಮತ್ತೆ ಕಾಲಿಟ್ಟಿಲ್ಲ. ನಾನಿಲ್ಲದೆ ರುಚಿಯೇ ಇಲ್ಲ ಎಂಬ ಜಂಬ ನನಗಿತ್ತು. ಲಹರಿ ಪ್ರತಿ ಹುಟ್ಟುಹಬ್ಬಕ್ಕೂ ಇಲ್ಲಿಗೇ ಬಂದು ಬಟ್ಟಲು ಬಳಿದು ತಿನ್ನುತ್ತಾಳೆ.

"ಆಂಟಿ, ಬರೀ ಅನ್ನ ತಿಂದೆ!" ಎಂದು ಅವಳು ಕೂಗುವುದು ಹಿತ್ತಿಲಿಗೂ ಕೇಳುತ್ತದೆ.

"ಈಗ ಕೋಳಿ ತಿನ್ನು ಮಗಾ," ಎನ್ನುತ್ತಾಳೆ ಸೋಮ್‌ಶ್ರೀ. ಆಮೇಲೆ ಹಿತ್ತಿಲಿಗೆ ಬಂದು ಬಗ್ಗಿ ನನ್ನನ್ನು ಮೂಸುತ್ತಾಳೆ. ಮುಖ, ಕೈ ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಂಡೇ ಒಳಗೆ ಹೋಗುತ್ತಾಳೆ.