ಭರಮಪ್ಪನ ಕೈಯೂ ಹೊಸ ಕಾರಿನ ಸ್ಟಿಯರಿಂಗೂ

ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ ಭರಮಪ್ಪ ನೀರು ತುಂಬಿದ ಕೊಡವನ್ನು ಬಲಗೈಯಲ್ಲಿ ಎತ್ತಿ ಎತ್ತಿ ಇಡುತ್ತಿದ್ದ. ಇಪ್ಪತ್ತು ವರ್ಷಗಳಿಂದ ಡ್ರೈವರ್ ಕೆಲಸ ಅವನದು. ಅವನು ಕಾರು ಓಡಿಸುವ ಪೀಣ್ಯದ ಕಾರ್ಖಾನೆ ಮಾಲೀಕರು ಹೊರದೇಶದ ಹೊಸ ಕಾರು ತಂದು ವಾರವಾಗಿತ್ತು.

"ಏನ್ ನಡಿಸೀರಿ ಇದು?" ಎಂದಳು ಹೆಂಡತಿ ಶಿವಲಿಂಗಮ್ಮ.

"ಕೈಯಾಗ ಶಕ್ತಿ ಐತೇನು ಅಂತ ನೋಡಾಕತ್ತೀನಿ. ತುಮಕೂರು ರಸ್ತೆದಾಗ ನಾ ಬಲಕ್ಕ ತಿರುವಿದ್ರ ಸ್ಟಿಯರಿಂಗ್ ಎಡಕ್ಕ ಎಳಿತೈತಿ. ನಿನ್ನೆ ಲಾರಿಗೆ ಗೇಣು ದೂರ ಉಳೀತು. ನಮ್ಮಪ್ಪಗ ಲಕ್ವಾ ಶುರು ಆಗಿದ್ದೂ ಬಲಗೈಯಿಂದಾನ."

ಶಿವಲಿಂಗಮ್ಮ ಕೊಡ ಕಸಿದು ಕೆಳಗಿಟ್ಟಳು. "ಡಾಕ್ಟರ್ ಕಡೆ ಹೋಗೂಣು ನಡೀರಿ."

"ಸುದ್ದಿ ಸಾಹೇಬ್ರಿಗೆ ಮುಟ್ತೈತಿ. ಕೈ ಹೋದ ಡ್ರೈವರ್‌ನ ಯಾರ್ ಇಟ್ಕೊಂತಾರ?"

ಅವನು ಬೇಡವೆಂದರೂ ಆಕೆ ಎದುರು ಕೋಣೆಯ ಮಹಾದೇವಿಯನ್ನು ಕರೆದಳು. ಮಹಾದೇವಿ ಕಂಪನಿ ಕ್ಯಾಬ್ ಓಡಿಸುವವಳು, ಹೊಸ ಕಾರುಗಳ ತರಬೇತಿ ಪಡೆದವಳು.

"ಭರಮಪ್ಪಣ್ಣ, ಹಳೇ ಕಾರಲ್ಲೂ ಹಿಂಗೇ ಆಗ್ತಿತ್ತಾ?"

"ಇಲ್ಲವ್ವ. ಇದ್ರಾಗ ಅಷ್ಟ. ಅದೂ ಬಿಳಿ ಪಟ್ಟಿ ಇರೋ ದೊಡ್ಡ ರಸ್ತೆದಾಗ."

"ಪಕ್ಕಕ್ಕೆ ಹೋಗುವಾಗ ಇಂಡಿಕೇಟರ್ ಹಾಕ್ತೀರಾ?"

"ಖಾಲಿ ಜಾಗಕ್ಕ ನುಗ್ಗಾಕ ಇಂಡಿಕೇಟರ್ ಯಾಕ?"

ಮಹಾದೇವಿ ನಕ್ಕಳು. "ಹಂಗಾದ್ರೆ ಕೈ ಅಲ್ಲ ಕಣಣ್ಣ, ಇಂಡಿಕೇಟರ್ ಹಾಕೋ ಬೆರಳಿಗೆ ಸೋಮಾರಿತನ. ಮುಂದಿನ ಗಾಜಿನ ಹತ್ರ ಕ್ಯಾಮೆರಾ ಇರುತ್ತೆ, ಪಟ್ಟಿ ನೋಡುತ್ತೆ. ಇಂಡಿಕೇಟರ್ ಇಲ್ದೆ ಪಟ್ಟಿ ದಾಟಿದ್ರೆ, ಡ್ರೈವರ್ ತೂಕಡಿಸಿದ ಅಂದ್ಕೊಂಡು ಸ್ಟಿಯರಿಂಗ್ ವಾಪಸ್ ತಿರುಗಿಸುತ್ತೆ."

"ಅಂದ್ರ ಅದಾ ಓಡಿಸ್ತೈತಿ. ನಾ ಕೈ ಬಿಟ್ಟು ಎಲಿ ಅಡಿಕಿ ಹಾಕ್ಕೋಬಹುದು."

"ಹಾಕ್ಕೊಳ್ಳಿ, ಕಾರು ನಿಲ್ಲಿಸಿ. ಪಟ್ಟಿ ಅಳಿಸಿದ್ರೆ, ಜೋರು ಮಳೆ ಬಂದ್ರೆ ಅದಕ್ಕೆ ಏನೂ ಕಾಣಲ್ಲ, ಸುಮ್ನಾಗ್ಬಿಡುತ್ತೆ. ರಾಂಗ್ ಸೈಡಲ್ಲಿ ಬೈಕ್ ಬಂದ್ರೆ ನೀವೇ ಗಟ್ಟಿ ಹಿಡಿದು ತಿರುಗಿಸ್ಬೇಕು. ನಿಮ್ಮ ಕೈಗೆ ಅದು ಬಗ್ಗುತ್ತೆ. ಹೋಗಿ ಸಾಹೇಬ್ರಿಗೆ ಹೇಳಿ."

"ಈ ಕಾರು ಓಡಿಸಾಕ ಬರಂಗಿಲ್ಲ ಅಂತ ಹೇಳ್ಲಾ?"

"ಲಾರಿಗೆ ಗುದ್ದಿ ಹೇಳ್ತೀರೇನ್ರಿ ಮತ್ತ?" ಎಂದಳು ಶಿವಲಿಂಗಮ್ಮ.

ಮರುದಿನ ಬೆಳಿಗ್ಗೆ ಭರಮಪ್ಪ ಕಾರಿನ ಕೀಲಿಯನ್ನು ಮಾಲೀಕರ ಮೇಜಿನ ಮೇಲಿಟ್ಟ. "ಸಾಹೇಬ್ರ, ಈ ಕಾರು ನನಗ ಪೂರ್ತಿ ತಿಳಿದಿಲ್ಲ. ಕಲಿಸಿದ್ರ ಓಡಿಸ್ತೀನಿ."

ಮಾಲೀಕರು ಕೀಲಿ ಎತ್ತಿಕೊಂಡು ಎದ್ದರು. "ಭಾನುವಾರ ನನಗೂ ಹಂಗೇ ಎಳೀತಪ್ಪ. ಹೆದರಿ ಬ್ರೇಕ್ ಒತ್ತಿದೆ. ನಿನ್ನ ಕೇಳೋಕೆ ನಾಚಿಕೆ ಆಯ್ತು. ನಡಿ, ಶೋರೂಮಿಗೆ ಹೋಗಿ ಇಬ್ಬರೂ ಕಲಿಯೋಣ."

ಶೋರೂಮಿನಿಂದ ಬರುವಾಗ ಭರಮಪ್ಪ ಇಂಡಿಕೇಟರ್ ಹಾಕಿ, ಬಿಳಿ ಪಟ್ಟಿ ದಾಟಿ ಬಲಕ್ಕೆ ತಿರುಗಿಸಿದ. ಸ್ಟಿಯರಿಂಗ್ ಬೆಣ್ಣೆಯಂತೆ ತಿರುಗಿತು.

ಡ್ರೈವರ್ ಅಣ್ಣಂದಿರೇ, ಅಕ್ಕಂದಿರೇ, ಹೊಸ ಕಾರು ಕೈಗೆ ಬಂದರೆ ಮೊದಲು ಅದರ ಗುಣ ಕೇಳಿ ತಿಳಿಯಿರಿ. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಿ, ಸ್ಟಿಯರಿಂಗ್ ಬಿಡಬೇಡಿ. ಕಾರಿನಿಂದ ಇಳಿದ ಮೇಲೂ ಕೈ ಸೋತಂತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಮಾಲೀಕರೇ, ಕೀಲಿ ಕೊಡುವ ಮುಂಚೆ ಕಲಿಸಿಕೊಡಿ. ಗೊತ್ತಿಲ್ಲ ಎಂದ ಡ್ರೈವರನ್ನು ಕೆಲಸದಿಂದ ತೆಗೆಯಬೇಡಿ. ನಿಮ್ಮ ಜೀವ ಉಳಿಸುವ ಮಾತನ್ನೇ ಅವನು ಆಡಿದ್ದಾನೆ.