ಅಗಲ ತಪ್ಪಿಸಿದ ಕಳ್ಳ

ಪ್ಲಾಸ್ಟಿಕ್ ಸುರುಳಿಯನ್ನು ಪಟ್ಟಿಗಳಾಗಿ ಸೀಳುವ ಯಂತ್ರ ಮತ್ತೆ ಅಗಲ ತಪ್ಪಿಸಿತ್ತು. ಇನ್ನೊಂದು ಸುರುಳಿ ಹಾಳಾದರೆ ಆಪರೇಟರ್ ಸೀದಾ ಪ್ಯಾಕಿಂಗಿಗೆ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಆಪರೇಟರಿಗೆ ಅನುಮಾನವಿದ್ದದ್ದು ಅಕ್ಕನ ಗಂಡನ ಮೇಲೆ. ಹಿಂದಿನ ಪಾಳಿಯಲ್ಲಿ ಇದೇ ಯಂತ್ರ ಅವನ ಕೈಯಲ್ಲಿರುತ್ತಿತ್ತು.

"ನಾನು ಬಿಗಿ ಮಾಡಿದ ಬ್ಲೇಡು ತಾನಾಗೇ ಡ್ಯಾನ್ಸ್ ಮಾಡುತ್ತಾ ಭಾವ?"

"ಏನ್ ಹೀರೋ, ಇಂಟರ್‌ವಲ್‌ಗೆ ಮುಂಚೆನೇ ವಿಲನ್ ಹಿಡಿದ್ಬಿಟ್ಯಾ? ಮೊದ್ಲು ಬಿಚ್ಚಿ ನೋಡೋಣ, ಆಮೇಲೆ ಸ್ಲೋ ಮೋಷನ್ನಲ್ಲಿ ಹೊಡಿ."

ಬ್ಲೇಡು ಬಿಚ್ಚಿ, ಅದರ ಪಕ್ಕದ ಉಕ್ಕಿನ ಬಳೆಯ ಮೇಲೆ ಭಾವ ಉಗುರಾಡಿಸಿದ. ಜಜ್ಜಿಹೋದ ಕೆಂಪು ದಾರವೊಂದು ಎದ್ದುಬಂತು.

"ಇದರ ಮೇಲೆ ಒರಗಿ ಬ್ಲೇಡು ವಾಲಿದೆ. ದಾರ ಬಿಡದ ಬಟ್ಟೇಲಿ ಒರೆಸಿ, ಬೆರಳಾಡ್ಸಿ ನೋಡಿ, ಆಮೇಲೆ ಬಿಗಿ ಮಾಡ್ಬೇಕು ಭಾಮೈದ."

"ದಾರ ಇಟ್ಟಿದ್ದು ಯಾರು?"

ಭಾವ ಅವನ ಹೆಗಲು ನೋಡಿದ. ಅಲ್ಲಿ ಅಂಚು ಬಿಚ್ಚಿಕೊಂಡ ಕೆಂಪು ಟವೆಲ್ಲು ನೇತಾಡುತ್ತಿತ್ತು. ಅನುಮಾನ ಹೆಚ್ಚಿದಷ್ಟೂ ಆಪರೇಟರ್ ಅದರಲ್ಲೇ ಬಳೆಗಳನ್ನು ಗಸಗಸ ಉಜ್ಜಿದ್ದ.

ಬಳೆಗಳನ್ನು ಶುದ್ಧ ಬಟ್ಟೆಯಲ್ಲಿ ಒರೆಸಿದ ಮೇಲೆ ಓಡಿಸಿದ ಸುರುಳಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪ್ಯಾಕಿಂಗಿನ ಗಂಡಾಂತರ ಕಳೆಯಿತು. ಆದರೂ ಆಪರೇಟರ್ ಭಾವನನ್ನು ಓರೆಗಣ್ಣಿನಲ್ಲೇ ನೋಡಿದ.

"ಈ ಟವೆಲ್ ಕೊಟ್ಟಿದ್ದು ಅಕ್ಕ. ಅಂಗಡೀಲಿ ಆರಿಸಿದ್ದು ನೀನೇ ತಾನೇ?"