ಧೋತರದ ಗಂಟಿನ ನಟ್ಟು

ಗೊಲ್ಲಾಳಪ್ಪನ ಬಲಗೈ ನೋಡಿದರೆ ಅವನ ಕೆಲಸ ಯಾವುದು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಅಂಗೈ ತುಂಬ ಜಡ್ಡು, ಬೆರಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಎಂಜಿನ್ ಎಣ್ಣೆ. ಮಳೆಗಾಲದಲ್ಲಿ ಕಾಗಿಣಾ ಹೊಳೆ ತುಂಬಿ ಹರಿದರೆ ಭಂಕೂರ ಕಡೆಯ ಆಳುಗಳು ಆಚೆ ದಂಡೆಯ ಫರಸಿ ಕಲ್ಲಿನ ಖಣಿಗೆ ದೋಣಿಯಲ್ಲೇ ಹೋಗಬೇಕು. ಖಣಿ ಸಾಹುಕಾರ ನಾಗೇಂದ್ರಪ್ಪನದು, ದೋಣಿಯೂ ಅವನದೇ. ಆ ದೋಣಿಯ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲು ಹಾಕಿ ತಿರುವುವವನು ಗೊಲ್ಲಾಳಪ್ಪ. ರಾಜ್ಯಕ್ಕೆ ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಅಂತಾಗಿತ್ತು. ಎಂಜಿನ್ನು ಮಾತ್ರ ಅದೇ, ಹ್ಯಾಂಡಲೂ ಅದೇ.

ಅದರ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿ ಹಿಡಿಯುವ ಬಲ, ಹೋಗಿತ್ತು. ಆಳುಗಳ ಬಾಯಲ್ಲಿ ಹೇಳಬೇಕೆಂದರೆ, ದಮ್ಮು ಮುಗಿದಿತ್ತು. ಹಿಂದಿನ ವಾರ ನಡುಹೊಳೆಯಲ್ಲಿ ಎಂಜಿನ್ನು ನಿಂತು, ಹೆಣ್ಣಾಳು ತುಂಬಿದ ದೋಣಿ ಸೆಳವಿನಲ್ಲಿ ಕೊಚ್ಚಿಹೋಗಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತ್ತು. ಗೊಲ್ಲಾಳಪ್ಪನ ಹೆಂಡತಿ ಪೀರಮ್ಮನೂ ಅದರಲ್ಲಿದ್ದಳು. ಸುದ್ದಿ ಮೇಲಕ್ಕೆ ಮುಟ್ಟಿ, ಸರಕಾರದ ಸಾಹೇಬರೊಬ್ಬರು ತಪಾಸಣೆಗೆ ಬರುವುದು ಗೊತ್ತಾಯಿತು. ದಮ್ಮು ಸರಿಯಿದ್ದರೆ ದೋಣಿ ಬಿಡಬಹುದು, ಇಲ್ಲದಿದ್ದರೆ ಒಳಗಿನ ಸವೆದ ರಿಂಗು ಬದಲಿಸುವ ತನಕ ಬಂದ್. ದುಡ್ಡು ಬೇಡುವ ರಿಂಗಿನ ಮಾತೆತ್ತಿದರೆ ಸಾಹುಕಾರನಿಗೆ ಮೈಯೆಲ್ಲ ಉರಿ. ಆಳುಗಳು ಮುಳುಗಿದರೆ ಬೇರೆ ಆಳು ಸಿಗುತ್ತಾರಲ್ಲ!

ದಮ್ಮು ನೋಡುವುದಕ್ಕೂ ಒಂದು ರೀತಿ ಇದೆ. ಎಂಜಿನ್ನು ಹೊತ್ತಿಕೊಳ್ಳಬಾರದು ಅಂತ ಮೊದಲು ಡೀಸೆಲ್ ನಳಿಗೆಯ ನಟ್ಟು ಬಿಚ್ಚಬೇಕು. ಆ ನಟ್ಟು ಹ್ಯಾಂಡಲು ಹಿಡಿದವನ ಧೋತರದ ಗಂಟಿನಲ್ಲಿರಬೇಕು. ಮಿಸ್ತ್ರಿ ಕೇಳಲಿ, ಮಾಲಕ ಕೇಳಲಿ, ಹ್ಯಾಂಡಲು ಕೆಳಗಿಡುವ ತನಕ ಅದನ್ನು ಯಾರಿಗೂ ಕೊಡುವ ಹಾಗಿಲ್ಲ. ಆಮೇಲೆ ನಿಧಾನವಾಗಿ ತಿರುವಿ, ಒಳಗಿನ ಗಾಳಿ ಕೈಯನ್ನು ಎಷ್ಟು ಹಿಂದಕ್ಕೆ ದಬ್ಬುತ್ತದೆ ಅಂತ ನೋಡಬೇಕು. ಇದನ್ನು ಕಲಿಸಿದವನು ಶಹಾಬಾದಿನ ಮುದಿ ಮಿಸ್ತ್ರಿ ಫಕೀರಸಾಬ. ಗೊಲ್ಲಾಳಪ್ಪನಿಗೆ ಅದು ದೇವರ ಮಾತು. ಗಂಟಿನಲ್ಲಿ ನಟ್ಟಿದ್ದರೆ ಎಂಜಿನ್ನು ಬರೀ ತಣ್ಣಗಿನ ಕಬ್ಬಿಣ ಅಂತ ಅವನು ನಂಬಿದ್ದ.

ಸಾಹೇಬರು ಬಂದರು. ಸಾಹುಕಾರನ ಮನೆಯ ಚಾ ಕುಡಿದರು, ಚೂಡಾ ತಿಂದರು, ದಂಡೆಗೆ ಬಂದು ನಿಂತರು. ಆಳುಗಳು ಬುತ್ತಿ ಹಿಡಿದು ಕಾಯುತ್ತಿದ್ದರು. ಗೊಲ್ಲಾಳಪ್ಪ ನಟ್ಟು ಬಿಚ್ಚಿ ಗಂಟು ಕಟ್ಟಿಕೊಂಡು ನಿಧಾನವಾಗಿ ತಿರುವಿದ. ಅವನಿಗೇ ಆಶ್ಚರ್ಯವಾಯಿತು. ನಿನ್ನೆ ಸತ್ತಂತಿದ್ದ ಎಂಜಿನ್ನು ಇವತ್ತು ಕೈಯನ್ನು ಹಿಂದಕ್ಕೆ ದಬ್ಬುತ್ತಿತ್ತು. ಪಕ್ಕದಲ್ಲಿದ್ದ ಫಕೀರಸಾಬನ ಮುಖ ನೋಡಿದ. ಮುದುಕ ತಲೆ ಎತ್ತಲಿಲ್ಲ.

ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಸಾಹುಕಾರನಿಗೆ ಸಾಲಲಿಲ್ಲ. ದಂಡೆಯ ಮೇಲಿನ ಜನವೂ ನೋಡಲಿ, ನಾಳೆ ಯಾರೂ ಬಾಯಿ ಬಿಡಬಾರದು ಅಂತ ಅವನ ವಿಚಾರ.

"ಲೇ ಗೊಲ್ಲಾಳ್ಯಾ, ಉಂಡಿಲ್ಲೇನು? ಜೋರ್ ತಿರುವು."

"ದಮ್ಮ ನೋಡಾಗ ಜೋರ್ ತಿರುವಬಾರ್ದ್ರಿ ಧಣಿ."

"ನನಗ ಕಲಸ್ತೇನು? ಆಗಂಗಿಲ್ಲಂದ್ರ ಹ್ಯಾಂಡಲ್ ಇಟ್ಟು ಮನಿಗಿ ನಡಿ. ನಿನ್ನ ಹೆಂಡ್ತಿನ್ನೂ ಕರಕೊಂಡು ಹೋಗು."

ಫಕೀರಸಾಬ ಹ್ಯಾಂಡಲಿನತ್ತ ಕೈ ಚಾಚಿ, ಸಾಹುಕಾರನ ಮುಖ ಕಂಡು ಹಿಂದಕ್ಕೆ ತೆಗೆದುಕೊಂಡ. ಗೊಲ್ಲಾಳಪ್ಪ ಗಂಟು ಮುಟ್ಟಿ ನೋಡಿಕೊಂಡ. ನಟ್ಟು ಅಲ್ಲೇ ಇತ್ತು. ಅದಿದ್ದ ಮೇಲೆ ಹೆದರಿಕೆ ಯಾತರದು ಅಂದುಕೊಂಡು ಮೈಯ ಬಲವನ್ನೆಲ್ಲ ಹಾಕಿ ತಿರುವಿದ.

ಡೀಸೆಲ್ಲೇ ಇಲ್ಲದ ಎಂಜಿನ್ನು ಢಮ್ಮೆಂದು ಹೊತ್ತಿಕೊಂಡಿತು. ಹ್ಯಾಂಡಲು ತಿರುಗಿ ಹೊಡೆಯಿತು. ಮುಂಗೈ ಮುರಿದ ಸದ್ದು ದಂಡೆಯ ಮೇಲಿದ್ದವರಿಗೂ ಕೇಳಿಸಿತು. ಗೊಲ್ಲಾಳಪ್ಪ ದೋಣಿಯೊಳಗೆ ಬಿದ್ದು ಒದ್ದಾಡುತ್ತಿದ್ದರೆ ಸಾಹುಕಾರ ಸಾಹೇಬರ ಕಡೆ ತಿರುಗಿದ.

"ಡೀಸೆಲ್ ಬಂದ್ ಮಾಡೋದು ಮರ್ತಾನ್ರಿ. ಇವಂದೇ ತಪ್ಪು. ಎಂಜಿನ್ ಮಾತ್ರ ಹುಲಿ ಅದ ನೋಡ್ರಿ."

ಸಾಹೇಬರು ಹೌದೆಂದು ತಲೆಯಾಡಿಸಿ, ದೋಣಿ ಪಾಸು ಅಂದರು.

ಪೀರಮ್ಮ ನೀರಿಗಿಳಿದು ದೋಣಿ ಹತ್ತಿದಳು. ಸೆರಗು ಹರಿದು ಗಂಡನ ಕೈ ಕಟ್ಟಿದಳು. ಅವನ ಸೊಂಟದ ಗಂಟು ಬಿಚ್ಚಿ, ನಟ್ಟು ತೆಗೆದುಕೊಂಡು ಹೋಗಿ ಸಾಹೇಬರ ಮುಂದೆ ಹಿಡಿದಳು.

"ನಟ್ಟು ಇಲ್ಲಿ ಅದ ನೋಡ್ರಿ. ಡೀಸೆಲ್ ಎಲ್ಲಿಂದ ಬಂತು ಹೇಳ್ರಿ."

ಸಾಹೇಬರು ನಟ್ಟು ನೋಡಿದರು, ಸಾಹುಕಾರನ ಮುಖ ನೋಡಿದರು, ಕೊನೆಗೆ ಕೈಗಡಿಯಾರ ನೋಡಿಕೊಂಡರು. ಅವರ ಜೀಪು ಕೆಸರು ಹಾರಿಸಿಕೊಂಡು ಹೋಯಿತು.

ಆಗ ಫಕೀರಸಾಬ ಅತ್ತುಬಿಟ್ಟ. ನಸುಕಿನಲ್ಲಿ ಸಾಹುಕಾರ ಎದುರು ನಿಂತು ಎಂಜಿನ್ನಿನೊಳಕ್ಕೆ ಎಣ್ಣೆ ಹೊಯ್ಯಿಸಿದ್ದನಂತೆ. ಎಣ್ಣೆ ಹೊಯ್ದರೆ ಸವೆದ ರಿಂಗಿನ ಸಂದಿ ಮುಚ್ಚಿ ಸ್ವಲ್ಪ ಹೊತ್ತು ಸುಳ್ಳು ದಮ್ಮು ಬರುತ್ತದೆ. ಜೋರಾಗಿ ತಿರುವಿದರೆ ಆ ಎಣ್ಣೆಯೇ ಹೊತ್ತುತ್ತದೆ. ನಿಧಾನ ತಿರುವಿಸಿ ಮುಗಿಸಿದರಾಯಿತು ಅಂತ ಮುದುಕ ಒಪ್ಪಿದ್ದ.

"ನಾನೇ ಹೊಯ್ದೀನವ್ವಾ. ಅಂವ ಅಂದ, ನಾ ಹೊಯ್ದೆ. ನನ್ನ ಕೈ ಮುರೀಬೇಕಿತ್ತು."

ಪೀರಮ್ಮನಿಗೆ ಅವನ ಮೇಲೂ ಸಿಟ್ಟು ಬಂತು. ಬೈಯಲಿಕ್ಕೆ ಪುರಸೊತ್ತಿರಲಿಲ್ಲ. ಜನ ಗೊಲ್ಲಾಳಪ್ಪನನ್ನು ದವಾಖಾನೆಗೆ ಒಯ್ಯಲು ಬಂಡಿಯಲ್ಲಿ ಮಲಗಿಸುತ್ತಿದ್ದರು.

ಅಷ್ಟರಲ್ಲಿ ಸಾಹುಕಾರ, ಹೊತ್ತಾಯಿತು, ಎಲ್ಲರೂ ದೋಣಿ ಹತ್ತಿ ಅಂದ. ಹ್ಯಾಂಡಲು ಹಿಡಿಯಲು ಆಳುಗಳಲ್ಲಿ ಕಾಶಪ್ಪನನ್ನು ಕರೆದ. ಕಾಶಪ್ಪ ಬುತ್ತಿ ಮಗ್ಗುಲಿಗಿಟ್ಟು ಕಲ್ಲಿನ ಮೇಲೆ ಕುಳಿತುಬಿಟ್ಟ. ಭಗವಂತ ಅನ್ನುವ ಇನ್ನೊಬ್ಬ ಆಳನ್ನು ಕರೆದ, ಅವನೂ ಕುಳಿತ. ಹೆಣ್ಣಾಳುಗಳು ಯಾರೂ ಕರೆಯದೆಯೇ ಕುಳಿತರು. ಫಕೀರಸಾಬ ಕಣ್ಣೊರೆಸಿಕೊಂಡು ಅವರ ನಡುವೆ ಹೋಗಿ ಕುಳಿತ. ಕೆಲಸ ಹೋಗುತ್ತದೆ ಅಂತ ಸಾಹುಕಾರ ಒದರಿದ. ಒಬ್ಬರೂ ಏಳಲಿಲ್ಲ.

ಬಂಡಿಯ ಹತ್ತಿರ ಹೋಗಿದ್ದ ಪೀರಮ್ಮ ತಿರುಗಿ ಬಂದಳು. ರಕ್ತ ಹತ್ತಿದ ಹ್ಯಾಂಡಲನ್ನು ಎತ್ತಿಕೊಂಡು, ನಟ್ಟಿನ ಜೊತೆ ಸಾಹುಕಾರನ ಮುಂದೆ ಚಾಚಿದಳು.

"ಪಾಸಾಗ್ಯದಲ್ರಿ ಧಣಿ, ಹುಲಿ ಅದ ಅಂದ್ರಿ. ನಟ್ಟು ನಿಮ್ಮ ಧೋತರದಾಗ ಕಟ್ಕೋರಿ. ಹ್ಯಾಂಡಲ್ ಹಿಡೀರಿ. ಜೋರ್ ತಿರುವ್ರಿ. ನಾವು ಇಲ್ಲೇ ಕುಂತು ನೋಡ್ತೀವಿ."

ದಂಡೆಯ ಮೇಲಿನ ಕಣ್ಣುಗಳೆಲ್ಲ ನಾಗೇಂದ್ರಪ್ಪನ ಕೈಗಳ ಮೇಲಿದ್ದವು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.